ಮಂಕರಿಯೊಳಗಿನ ಮರಿ

ಬಾಗಿಲಲ್ಲೇ ಯಾಕೆ ನಿಂತ್ಕೊಂಡೆ? ಬಾರೇ ಒಳಕ್ಕೆ... ಹ್ಞೂಂ, ನಾಯಿಮರೀನೇ! ಸೊಪ್ಪಿನ ಮಂಕರೀಲಿ ಇನ್ನೇನು, ಆನೆಮರಿ ಇರುತ್ತಾ? ರೇಷ್ಮೆಹುಳದ ಮನೆ ಬೆಚ್ಚಗಿರುತ್ತೆ ಅಂತ ತಂದಿಟ್ಟೆ. ಸ್ನಾನ ಮಾಡೇ ಒಳಗೆ ಬಂದಿದೀನಿ ಕಣೇ ಕದಿರಿ, ಹಂಗ್ ನೋಡ್ಬೇಡ.

ನಗ್ತೀಯಾ? ನಗು, ನಗು. ಮದುವೆಯಾಗಿ ಹದಿನೈದು ವರ್ಷ ಒಂದು ಚೊಂಬು ನೀರು ತುಂಬ್ಕೊಂಡೋನಲ್ಲ ನಿನ್ನ ಗಂಡ. ಇವತ್ತು ಮೇಕೆ ಹಾಲು ಕಾಸಿ, ಆರಿಸಿ, ಹತ್ತಿ ಬತ್ತಿ ಅದ್ದಿ ಬಾಯಿಗೆ ಇಡ್ತಾ ಇದೀನಿ. ನೋಡು, ನೋಡು, ಚೀಪ್ತು!... ಅಯ್ಯೋ, ಉಗಿದ್ಬಿಡ್ತು. ಬಂದಾಗಿಂದ ಹಿಂಗೇ. ಹುಟ್ಟಿ ಮೂರು ದಿವಸ ಆಗಿರ್ಬೇಕು, ಕಣ್ಣೂ ಬಿಟ್ಟಿಲ್ಲ, ಹಠ ಮಾತ್ರ ನಿನ್ನದೇ! ಹಾಲು ಇಳೀದೇ ಇದ್ರೆ ಉಳಿಯಲ್ಲ ಕಣೇ ಇದು.

ಎಲ್ಲಿ ಸಿಕ್ತು ಅಂತಲಾ? ಚಿಕ್ಕಬಳ್ಳಾಪುರದ ಸಂತೆ ಹತ್ರ, ಹುಣಸೆಮರದ ಬುಡದಲ್ಲಿ. ಯಾವುದೋ ಬೀದಿನಾಯಿದು. ತಾಯಿನಾ? ತಾಯಿ... ಇರಲಿಲ್ಲ. ಸತ್ಯವಾಗ್ಲೂ! ಈ ಮುನಿಶಾಮಿ ಸುಳ್ಳು ಹೇಳ್ತಾನಾ?

ಯಾಕೆ, ಅದರ ಬಾಲ ಸವರ್ತಾ ಕೂತೆ? ತುದಿ ಬೆಳ್ಳಗಿದ್ರೆ ಏನೀಗ? ಲೋಕದಲ್ಲಿ ನಮ್ಮ ಕೆಂಪಿ ಒಬ್ಬಳಿಗೇನಾ ಬಿಳಿ ಬಾಲ? ಅವಳು ಓಡಿಹೋದ್ಲು ಅಂತ ಹೇಳಿದ್ನಲ್ಲ, ಹತ್ತು ದಿವಸದ ಹಿಂದೆ... ಬೇಲಿ ಹಾರಿ... ಹೊಟ್ಟೆ ಇಷ್ಟು ದಪ್ಪ ಇಟ್ಕೊಂಡು...

ಏಮೇ, ಮಾಟ್ಲಾಡವಾ? ಮಾತೇ ಆಡಲ್ವಾ? ಬೈಯಿ. ಸೌದೆ ತಗೊಂಡು ಎರಡು ಹಾಕು ಬೇಕಾದ್ರೆ. ಹಿಂಗ್ ಸುಮ್ಮನೆ ಕೂತ್ರೆ ನನ್ನ ಕೈಲಿ ಆಗಲ್ಲ.

ಸರಿ. ನಾನೇ ಕೆಂಪೀನ ಆ ಸಂತೆ ಹತ್ರ ಬಿಟ್ಟು ಬಂದೆ. ಗೋಣಿಚೀಲದಲ್ಲಿ ಹಾಕ್ಕೊಂಡು, ಗಾಡೀಲಿ. ಹುಳ ನಾಲ್ಕನೇ ಜ್ವರ ಎದ್ದಿತ್ತು, ಕೊನೇ ಪೊರೆ ಬಿಟ್ಟು ಇನ್ನೇನು ಗೂಡು ಕಟ್ಟೋ ಹೊತ್ತು. ಮನೇಲಿ ಹೆರಿಗೆ ಆದ್ರೆ ಪುರುಡಿನ ಮೈಲಿಗೆ, ಹುಳ ಗೂಡು ಕಟ್ಟಲ್ಲ ಅಂದ ಪಕ್ಕದ ಮನೆ ಬಯ್ಯಪ್ಪ. ಸ್ವರಾಜ್ಯ ಬಂದು ಹತ್ತು ವರ್ಷ ಆಯ್ತು, ನಾಯಿಗೂ ಪುರುಡಾ ಅಂತ ಕೇಳೋ ಬುದ್ಧಿ ಇರಲಿಲ್ಲ ನನಗೆ! ಗೂಡೇನೋ ಚೆನ್ನಾಗೇ ಕಟ್ಟಿದೆ. ಆದ್ರೆ ನೀನು ದಿನಾ ಅವಳ ತಟ್ಟೆ ತೊಳೆದು ಹೊರಗಿಡ್ತಿದ್ಯಲ್ಲ...

ಅದಕ್ಕೇ ಇವತ್ತು ಹುಡುಕ್ಕೊಂಡು ಹೋದೆ. ಇದ್ಲು ಕಣೇ! ಒಂದೇ ಮರಿ ಹಾಕ್ಕೊಂಡು ಅಲ್ಲೇ ಮಲಗಿದ್ಲು. ನನ್ನ ಕಂಡಿದ್ದೇ ಎದ್ದು ದೂರ ಹೋದ್ಲು. ಮರಿ ಎತ್ಕೊಂಡ್ರೆ ಹಿಂದೇನೇ ಬರ್ತಾಳೆ ಅಂದ್ಕೊಂಡೆ. ಬಂದ್ಲು, ಬಂದ್ಲು... ಗಾಡೀಲಿ ಗೋಣಿಚೀಲ ನೋಡಿ ನಿಂತ್ಬಿಟ್ಲು. ಎಷ್ಟು ಕೂಗಿದ್ರೂ ಬರಲಿಲ್ಲ. ಮರೀನ ಅಲ್ಲೇ ಇಟ್ಟು ಬರೋಕೆ ಧೈರ್ಯ ಸಾಲಲಿಲ್ಲ, ಸುತ್ತ ಬೀದಿನಾಯಿಗಳು. ನಾನು ಕೆಟ್ಟೋನು ಕಣೇ, ದಡ್ಡ ಬೇರೆ.

ಏ, ಎಲ್ಲಿ ಹೊರಟೆ ಮರೀನ ಮಡಿಲಿಗೆ ಹಾಕ್ಕೊಂಡು? ಇರೇ, ಎತ್ತು ಹೂಡ್ತೀನಿ! ಗಾಡಿ ನಾನು ದೂರಾನೇ ನಿಲ್ಲಿಸ್ತೀನಿ. ನೀನೊಬ್ಬಳೇ ಹೋಗಿ ಕರಿ. ನಿನ್ನ ದನಿ ಕೇಳಿದ್ರೆ ಓಡಿ ಬರ್ತಾಳೆ, ನನಗೆ ಗೊತ್ತು.

ಅವಳು ಬಂದ್ಮೇಲೆ... ಕದಿರಿ, ಆಮೇಲಾದ್ರೂ ನನ್ನ ಜೊತೆ ಮಾತಾಡ್ತೀಯಾ?