ಮಷೀನಿಗೆ ಅಂಟಿದ ಉಂಗುರ

ಅಯ್ಯೋ, ಹಾಗೆ ನೋಡ್ಬೇಡ ಕಣೇ! ಉಂಗುರ ಎಲ್ಲೂ ಹೋಗಿಲ್ಲ. ಸ್ಕ್ಯಾನ್ ಮಷೀನಿನ ಬಾಯಲ್ಲೇ ಅಂಟಿಕೊಂಡಿದೆ, ಆ ಟೆಕ್ನೀಷಿಯನಮ್ಮ ಕಿತ್ತು ತಂದ್ಕೊಡ್ತಾರೆ. ಬಾ, ಈ ಬೆಂಚಲ್ಲಿ ಕೂತ್ಕೋ... ಕೂರಲ್ವಾ? ಸರಿ, ನಾನೂ ನಿಂತೇ ಇರ್ತೀನಿ.

ಅದು ಬಿಡು, ನಾನು ಮಾಡಿದ ಮೋಟರು ಅದರೊಳಗೇ ತಿರುಗಿದ್ದು ನೋಡಿದ್ಯಾ? ಆ ಮಷೀನಂದ್ರೆ ಕೋಣೆಯಷ್ಟು ದೊಡ್ಡ ಅಯಸ್ಕಾಂತ! ಬೇರೆ ಮೋಟರು ಹತ್ರ ಒಯ್ದರೆ ಕೈಯಿಂದ ಕಿತ್ಕೊಂಡು ಹಾರುತ್ತೆ. ನನ್ನದು? ಕಬ್ಬಿಣವೇ ಇಲ್ಲ! ಒಂದು ಪಿಂಗಾಣಿ ಬಿಲ್ಲೆ ಅಷ್ಟೇ. ಕರೆಂಟ್ ಕೊಟ್ರೆ ಸಣ್ಣಗೆ ನಡುಗುತ್ತೆ, ಆ ನಡುಕವೇ ಚಕ್ರ ತಳ್ಳುತ್ತೆ. ರೋಗಿ ಒಳಗೆ ಮಲಗಿದ್ದ ಹಾಗೇ ಡಾಕ್ಟರ ಸೂಜಿ ಕೂದಲೆಳೆಯಷ್ಟೂ ಆಚೀಚೆ ಆಗದೆ... ಏನು? ಬೆರಳು ಯಾಕೆ ತೋರಿಸ್ತೀಯಾ?

ಗೊತ್ತು. ಖಾಲಿ.

ಅದಕ್ಕೇ ಅಲ್ವಾ ಬಾಗಿಲಲ್ಲೇ ಹತ್ತು ಸಲ ತೆಗೆದಿಡು ಅಂದಿದ್ದು! "ಮದುವೆ ಉಂಗುರ, ತೆಗೆಯಲ್ಲ. ಚಿನ್ನ ಅಯಸ್ಕಾಂತಕ್ಕೆ ಅಂಟಲ್ಲ" ಅಂತ ನೀನೇ ಅಂದೆ. ಡಾಕ್ಟರೂ ಹೂಂ ಅಂದ್ಬಿಟ್ರು. ನಾನೇನು ಮಾಡ್ಲಿ? ಹೌದು, ಅಂಟಲ್ಲ. ಮಕ್ಕಳಿಗೆ ವಿಜ್ಞಾನ ಹೇಳಿಕೊಡೋಳು ನೀನು, ನಿನಗೆ ಗೊತ್ತಿಲ್ವಾ. ಆದ್ರೆ ಚಿನ್ನಕ್ಕೆ ತಾಮ್ರ ಬೆರೆಸಿರ್ತಾರಲ್ಲ... ತಾಮ್ರವೂ ಅಂಟಲ್ಲ. ಹೂಂ. ಹಾಗಾದ್ರೆ ಆ ಅಕ್ಕಸಾಲಿಗನೇ ಮೋಸ ಮಾಡಿರ್ಬೇಕು, ಕಳ್ಳ! ...ಕಣ್ಣು ಬಿಡ್ಬೇಡ. ಮಾಡಿಕೊಟ್ಟಿದ್ದು ನಿಮ್ಮ ಚಿಕ್ಕಪ್ಪನೇ ಅನ್ನೋದು ಮರೆತಿದ್ದೆ. ದೇವರಂಥ ಮನುಷ್ಯ ಬಿಡು.

ಏನಾದ್ರೂ ಮಾತಾಡೇ! ಬೈದಾದ್ರೂ ಬಿಡು!

...ಸರಿ. ನಾನೇ.

ಮದುವೆಯಾದ ವರ್ಷ, ಸಡಿಲ ಆಗಿದೆ, ಬಿಗಿ ಮಾಡಿಸ್ಕೊಂಡು ಬನ್ನಿ ಅಂತ ಕೊಟ್ಟಿದ್ಯಲ್ಲ? ಮಾರ್ಬಿಟ್ಟೆ ಕಣೇ. ಪಿಂಗಾಣಿ ಬಿಲ್ಲೆ ತರಿಸೋಕೆ ದುಡ್ಡು ಬೇಕಿತ್ತು. ಪಿಂಗಾಣಿಯಲ್ಲಿ ಮೋಟರಾ, ಇವನಿಗೆ ತಲೆ ಕೆಟ್ಟಿದೆ ಅಂತ ನಮ್ಮ ಕಂಪನಿಯವರು ಕೈಯೆತ್ತಿದ್ರು. ಹಳೇ ಮೋಟರಿನ ಬೇರಿಂಗ್ ಬಿಚ್ಚಿ, ಅದರ ಉಕ್ಕಿನ ಬಳೆಯನ್ನ ಉಜ್ಜಿ, ತಿದ್ದಿ, ಚಿನ್ನದ ನೀರು ಹಿಡಿಸಿ... ಮೂರು ದಿನ ಕೂತಿದ್ದೆ. ನೀನು ಹಾಕ್ಕೊಂಡು, "ಈಗ ನೋಡಿ, ಹೇಳಿ ಮಾಡಿಸಿದ ಹಾಗಿದೆ" ಅಂದೆ. ನಾನು ಬಚ್ಚಲಿಗೆ ಹೋಗಿ ಅತ್ತೆ, ಗೊತ್ತಾ? ಹೇಳೋಣ, ಹೇಳೋಣ ಅಂತಲೇ ಒಂಬತ್ತು ವರ್ಷ ಆಗೋಯ್ತು.

ತಡಿ... ತಡಿ. ನಿನ್ನೆ ಸೋಪು ಹಚ್ಚಿದ್ರೂ ಬರಲ್ಲ ಅಂದಿದ್ಯಲ್ಲ, ಆ ಉಂಗುರ ಇವತ್ತು ತಾನಾಗೇ ಹೇಗೆ ಜಾರ್ತು? ಬಾಗಿಲು ದಾಟೋವಾಗ ಬೆರಳ ತುದಿಗೆ ತಂದಿಟ್ಕೊಂಡಿದ್ಯಾ? ಯಾಕೆ ನಗ್ತೀಯಾ? ಹೇಳೇ! ನಿನಗೆ ಮೊದಲೇ ಗೊತ್ತಿತ್ತಾ? ಶಾಲೆಯ ಅಯಸ್ಕಾಂತಕ್ಕೆ ಅಂಟಿತ್ತಾ? ಯಾವಾಗಿಂದ?

...ಎಂಟು ಬೆರಳಾ? ಏನು ಎಂಟು, ಎಂಟು ದಿನವಾ?

ಎಂಟು ವರ್ಷ!