ಹಂಚಬಾರದ ಕಹಿಪುಡಿ

ಅಧ್ಯಕ್ಷಪೀಠದಲ್ಲಿರುವ ಮಾನ್ಯ ರಂಗನಾಥನ್ ಅವರೇ, ಜನಾರೋಗ್ಯ ಪ್ರಚಾರ ಸಂಘದ ಪದಾಧಿಕಾರಿಗಳೇ, ಉದಕಮಂಡಲದ ಈ ಚಳಿಯಲ್ಲೂ ಬಾಗಿಲ ತನಕ ತುಂಬಿ ನಿಂತಿರುವ ಸಭಿಕರೇ,

ಜೀವಮಾನವೆಲ್ಲ ಕಹಿ ಕುಡಿಸಿದವನಿಗೆ ಇಷ್ಟೊಂದು ಸಿಹಿ ಮಾತು ಕೇಳುವ ಯೋಗ ಬರುತ್ತದೆಂದು ನಾನು ಎಣಿಸಿರಲಿಲ್ಲ. ವಿಜ್ಞಾನವನ್ನು ಜನರಿಗೆ ಹಂಚಿದ ಭೋಜನ್ ಎಂದು ಅಧ್ಯಕ್ಷರು ನನ್ನನ್ನು ಹೊಗಳಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಹಂಚಿದ ಎಂಬ ಆ ಒಂದು ಮಾತು ಕೇಳಿದ ಮೇಲೆ, ಬರೆದು ತಂದಿದ್ದ ಭಾಷಣವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ದಯವಿಟ್ಟು ಕ್ಷಮಿಸಬೇಕು.

ನಾನು ಮಂಜೂರಿನ ಕಡೆಯ ಹಟ್ಟಿಯವನು. ಸಿಂಕೋನಾ ತೊಗಟೆಯಿಂದ ಮಲೇರಿಯಾದ ಮದ್ದು ಕ್ವಿನೈನ್ ತೆಗೆದು ಪರೀಕ್ಷಿಸುವ ಕೋಣೆಯಲ್ಲಿ ನನ್ನ ಯೌವನ ಕಳೆಯಿತು. ಆ ಪುಡಿ ಉಗುರಿನ ಸಂದಿಗೆ ಸೇರಿತೆಂದರೆ ಎಷ್ಟು ತೊಳೆದರೂ ಹೋಗುವುದಿಲ್ಲ. ನಾನು ಮುಟ್ಟಿದರೆ ಪಾಯಸವೂ ಕಹಿಯಾಗುತ್ತದೆಂದು ನನ್ನ ಹೆಂಡತಿ ಚಿನ್ನಿ ಹಬ್ಬದ ದಿನ ಸೌಟನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ನಗಿ, ನಗಬಹುದು. ಅವಳೂ ನಗುತ್ತಿದ್ದಳು.

ಆ ಕೋಣೆಯಲ್ಲಿ ನಾವು ಕಲಿತದ್ದು ಇಷ್ಟು: ಜ್ವರ ಬಿಟ್ಟಿತೆಂದು ಪುಡಿಯನ್ನು ಬಿಡಬಾರದು. ಒಬ್ಬ ರೋಗಿಯ ಪಾಲನ್ನು ಅವನೊಬ್ಬನೇ ಮುಗಿಸಬೇಕು. ಇದನ್ನು ಜನರಿಗೆ ತಿಳಿಹೇಳಲು ಸಂಘ ನನ್ನನ್ನು ಬೆಟ್ಟದ ಕೆಳಕ್ಕೆ ಕಳಿಸಿತು. ಕುಣಿದುಕೊಂಡೇ ಹೋದೆ ಎನ್ನಬೇಕು.

ಮಸಿನಗುಡಿಯಾಚೆ ಕಾಡಿನಲ್ಲಿ ಒಂದು ಹಾಡಿ. ಅಲ್ಲಿನ ಹಿರಿಯನ ಹೆಸರು ಕುಳ್ಳ. ಆ ಹಾಡಿಯಲ್ಲಿ ಒಬ್ಬ ಜೇನು ಇಳಿಸಿ ತಂದರೆ ಅದು ಅವನದಲ್ಲ. ಕುಳ್ಳ ಅಂಗಳದಲ್ಲಿ ಎಲೆ ಹಾಸಿ ಒಲೆಗೊಂದು ಪಾಲು ಮಾಡುತ್ತಾನೆ. ಕಾಡಿಗೆ ಹೋಗಲಾರದ ಮುದುಕಿಗೂ ಪಾಲು, ನಿನ್ನೆ ಜಗಳವಾಡಿದವನಿಗೂ ಪಾಲು. ಜ್ವರ ಬಂದಿದ್ದ ಕೆಲವರಿಗೆಂದು ನಾನು ಕೊಟ್ಟ ಪುಡಿಯನ್ನೂ ಅವನು ಹಾಗೆಯೇ ಎಲೆ ಹಾಸಿ ಪಾಲು ಮಾಡಿದ. ಎಲ್ಲರ ನಾಲಿಗೆಯೂ ಕಹಿಯಾಯಿತು. ಯಾರ ಜ್ವರವೂ ಹೋಗಲಿಲ್ಲ. ಇಬ್ಬರು ಸತ್ತರು.

ಆಮೇಲೆ ನಾನೇನು ಮಾಡಬೇಕಿತ್ತು, ನೀವೇ ಹೇಳಿ. ಪ್ರತಿ ಒಲೆಗೂ ಪೂರ್ತಿ ಪಾಲು ಕಳಿಸಿ ಎಂದು ಇದೇ ಸಂಘವನ್ನು ಬೇಡಿದೆ. ಜ್ವರ ಬಂದವರಿಗೆ ಮಾತ್ರ, ಅದೂ ಬಂದ ಮೇಲೆ ಮಾತ್ರ ಎಂದು ಉತ್ತರ ಬಂತು. ಹಾಗಾದರೆ ಹಂಚಬೇಡಿ ಎಂದು ಕಲಿಸುವುದೊಂದೇ ದಾರಿ. ಕಲಿಸಿದೆ. ಒಂದೊಂದು ಒಲೆಯ ಮುಂದೆಯೂ ಕೂತು ಕಲಿಸಿದೆ. ತಾಯಿ ಕೇಳಿದರೂ ಕೊಡಬೇಡ, ತಂಗಿ ಕೇಳಿದರೂ ಕೊಡಬೇಡ ಎಂದೆ.

"ಕೊಡದೆ ತಿಂದ್ರೆ ಗಂಟಲಲ್ಲಿ ಇಳೀತದಾ ಸಾಮಿ?" ಎಂದ ಕುಳ್ಳ.

ಇಳಿಯುತ್ತದೆ ಎಂದೆ. ಔಷಧದ ಮಟ್ಟಿಗೆ ಅದು ನಿಜವೇ ತಾನೆ?

ಹೋದ ಮಳೆಗಾಲ ಕಾಳಿ ಎಂಬವಳ ಗಂಡ ಶಿವನ್‌ಗೆ ಜ್ವರ ಬಂತು. ಅವನ ಪೂರ್ತಿ ಪಾಲನ್ನು ಕೊಟ್ಟು ಬಂದೆ. ಅವನು ಎದ್ದು ಕೂರುವ ಹೊತ್ತಿಗೆ ಪಕ್ಕದ ಗುಡಿಸಲಿನಲ್ಲಿ ಕಾಳಿಯ ತಂಗಿ ಮಾದಿ ಜ್ವರ ಹಿಡಿದು ಮಲಗಿದಳು. ಪುಡಿಗಾಗಿ ಸಂಘದ ಉಗ್ರಾಣಕ್ಕೆ ಆಳು ಓಡಿ ಬಂದ. ಉಗ್ರಾಣದಲ್ಲಿ ಪುಡಿ ಇತ್ತು. ಸಹಿ ಹಾಕಬೇಕಾದವರು ಊರಲ್ಲಿರಲಿಲ್ಲ. ಕಡೆಗೂ ನಾನು ಪುಡಿ ಹಿಡಿದು ಘಾಟಿ ಇಳಿದಾಗ, ಮಾದಿಯನ್ನು ಮಣ್ಣು ಮಾಡಿ ಬಂದು ಎಲ್ಲರೂ ಅಂಗಳದಲ್ಲಿ ಕೂತಿದ್ದರು. ಕಾಳಿ ನನ್ನ ಬಳಿ ಬಂದು ಸೆರಗಿನ ಗಂಟು ಬಿಚ್ಚಿದಳು. ಗಂಡನಿಗೆಂದು ಉಳಿಸಿದ್ದ ಪೊಟ್ಟಣಗಳು ಅದರಲ್ಲಿದ್ದವು.

"ತಂಗಿ ಕೇಳಿದ್ಲು ಸಾಮಿ. ನೀವು ಹೇಳ್ದಂಗೆ ಕೊಡ್ಲಿಲ್ಲ."

ಅದು ದೂರಲ್ಲ. ತಾನು ಮಾಡಿದ್ದು ಸರಿಯೇ ಎಂದು ಅವಳು ಕೇಳುತ್ತಿದ್ದಳು. ಸರಿ ಎಂದೆ. ಇನ್ನೇನು ಹೇಳಲಿ? ಶಿವನ್ ಬದುಕಿದ್ದಾನೆ. ಕೊಟ್ಟಿದ್ದರೆ ಇಬ್ಬರೂ ಹೋಗುತ್ತಿದ್ದರೋ, ಇಬ್ಬರೂ ಉಳಿಯುತ್ತಿದ್ದರೋ, ಯಾವ ಪರೀಕ್ಷೆಯ ಕೋಣೆ ಹೇಳೀತು? ಮನೆಗೆ ಬಂದು ಚಿನ್ನಿಗೆ ಇದನ್ನೆಲ್ಲ ಹೇಳಿದೆ. ಅಂದಿನಿಂದ ಅವಳು, ಕಹಿಯಾದರೂ ಸರಿ ನೀವೇ ಹಂಚಿ ಎಂಬಂತೆ, ಬಡಿಸುವ ಸೌಟನ್ನು ನನ್ನ ಕೈಗೇ ಕೊಡುತ್ತಾಳೆ.

ಈ ಸಂಗತಿಯನ್ನು ಇಲ್ಲಿ ಹೇಳಬೇಕೆಂದು ಬಂದವನಲ್ಲ. ಆದರೆ ಕಾಡಿನ ಜನ ಪೂರ್ತಿ ಔಷಧ ಸೇವಿಸುವುದನ್ನು ಕಲಿತರೆಂದು ಕಾರ್ಯದರ್ಶಿಗಳು ಹೆಮ್ಮೆಯಿಂದ ಓದಿದರಲ್ಲ, ಅದಕ್ಕಾಗಿಯೇ ಅಲ್ಲವೇ ಈ ಶಾಲು? ಹೌದು, ಕಲಿತಿದ್ದಾರೆ. ಮತ್ತೆ ಮಳೆಗಾಲ ಬರುತ್ತಿದೆ. ಜ್ವರ ಬರುವ ಮೊದಲೇ ಆ ಹಾಡಿಯ ಒಲೆಗೊಂದು ಪೂರ್ತಿ ಪಾಲು ತಲುಪಲಿ. ಅದು ಇದ್ದರೆ ಯಾರೂ ಯಾರಿಗೂ ಇಲ್ಲವೆನ್ನಬೇಕಾಗಿಲ್ಲ. ಕೇಳುವುದು ನನ್ನ ಕೆಲಸ, ಕೇಳಿದ್ದೇನೆ. ಸಿಗುತ್ತದೆಂಬ ನಂಬಿಕೆ ನನಗೆ ಉಳಿದಿಲ್ಲ. ಅಧ್ಯಕ್ಷರು ಆಗಲೇ ಗಡಿಯಾರ ನೋಡುತ್ತಿದ್ದಾರೆ.

ಮುಗಿಸುತ್ತೇನೆ. ಮೊನ್ನೆ ಹಾಡಿಗೆ ಹೋಗಿದ್ದೆ. ಜೇನು ಇಳಿಸುವ ಕಾಲ. ಕುಳ್ಳನ ಅಂಗಳದಲ್ಲಿ ಎಲೆ ಹಾಸಿರಲಿಲ್ಲ. ಒಂದೊಂದು ಗುಡಿಸಲಿನಲ್ಲೂ ಬಾಯಿ ಕಟ್ಟಿದ ಜೇನಿನ ಗಡಿಗೆಗಳು. ಈ ವರ್ಷ ಪಾಲು ಮಾಡಲಿಲ್ಲವೇ ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ.

"ನೀವು ಹೇಳಿದ್ದು ನಿಜ ಸಾಮಿ. ಕೊಡದೆ ತಿಂದ್ರೂ ಇಳೀತದೆ."

ಶಾಲು ಹೊದಿಸಿದ ಸಂಘಕ್ಕೂ, ಇಷ್ಟು ಹೊತ್ತು ನನ್ನ ಮಾತನ್ನು ಸಹಿಸಿಕೊಂಡ ನಿಮಗೂ ನಾನು ಋಣಿ. ನಮಸ್ಕಾರ.