ಮದುವೆ ಹಾಡುಗಳ ಕಪಾಟು

ಶ್ರೀಮಂತ ಎಂದರೆ ಹಣ ಇದ್ದವನೇ ಆಗಬೇಕೇ? ನಾನು ಹೇಳುವ ಶ್ರೀಮಂತರ ಬಳಿ ಇದ್ದದ್ದು ಇಪ್ಪತ್ತು ಸಾವಿರ ಪುಸ್ತಕ. ಅವರು ಗ್ರಂಥಪಾಲಕರನ್ನು ತಯಾರು ಮಾಡುವ ಶಾಲೆಯ ಮೇಷ್ಟ್ರು. ಕಣ್ಣು ಮುಚ್ಚಿ ಕೈ ಚಾಚಿದರೂ ಬೇಕಾದ ಪುಸ್ತಕವೇ ಸಿಗುತ್ತಿತ್ತು. ನೋಡಿ, ಅಂಥವರಿಗೆ ಅನುಮಾನ ಎಲ್ಲಿಂದ ಬರಬೇಕು?

ಅವರ ಪರೀಕ್ಷೆ ಹೀಗೆ: ಒಬ್ಬೊಬ್ಬರಿಗೂ ಹತ್ತು ಪುಸ್ತಕ. ಪ್ರತಿ ಪುಸ್ತಕದ ಬೆನ್ನಿಗೆ ಅದರ ವಿಷಯದ ಸಂಖ್ಯೆಯ ಚೀಟಿ ಅಂಟಿಸಿ ಸರಿಯಾದ ಕಪಾಟಿನಲ್ಲಿಡಬೇಕು. ತಪ್ಪು ಜಾಗಕ್ಕೆ ಹೋದ ಪುಸ್ತಕ ಕಳೆದುಹೋದಂತೆಯೇ. ಹತ್ತೂ ಸರಿಯಿದ್ದರೆ ಮಾತ್ರ ಪಾಸು.

ಒಂದು ವರ್ಷ ಲಂಬಾಣಿ ತಾಂಡಾದ ಹುಡುಗಿಯೊಬ್ಬಳು ಪರೀಕ್ಷೆಗೆ ಬಂದಳು. ಪಾಸಾದರೆ ಅವಳ ಪಂಚಾಯಿತಿಯ ಗ್ರಂಥಾಲಯದಲ್ಲೇ ಕೆಲಸ ಕಾದಿತ್ತು. ಒಂಬತ್ತು ಸರಿ. ಹತ್ತನೆಯದು ಲಂಬಾಣಿ ಮದುವೆ ಹಾಡುಗಳ ಪುಸ್ತಕ. ಮೇಷ್ಟ್ರ ಉತ್ತರದ ಹಾಳೆಯಲ್ಲಿ ಅದರ ಜಾಗ ‘ಅಲೆಮಾರಿ ಜನರ ಆಚಾರಗಳು’. ಹುಡುಗಿ ಅದನ್ನು ಕಾವ್ಯದ ಕಪಾಟಿನಲ್ಲಿಟ್ಟಿದ್ದಳು.

“ಇದು ಕಾವ್ಯ ಅಂತ ಯಾರು ಹೇಳಿದ್ರವ್ವ ನಿನಗ?”

“ನಮ್ಮವ್ವ ಹಾಡ್ತಾಳ್ರೀ ಸರ್. ನಿಮ್ಮ ಮನಿ ಮದುವಿ ಹಾಡು ಎಲ್ಲಿಟ್ಟೀರಿ?”

ಮೇಷ್ಟ್ರು ನಕ್ಕು, ತೋರಿಸಲೆಂದೇ ಎದ್ದು ಹೋದರು. ತಮ್ಮ ಮನೆಗಳಲ್ಲಿ ಹಾಡುವ ಹಸೆಯ ಹಾಡುಗಳು ಕಾವ್ಯದ ಕಪಾಟಿನಲ್ಲಿದ್ದವು. ಚೀಟಿಯ ಮೇಲೆ ಅವರದೇ ಅಕ್ಷರ.

ನಗು ನಿಂತಿತು. ಆ ಹಸೆ ಹಾಡಿನ ಪುಸ್ತಕವನ್ನು ಆಚಾರದ ಕಪಾಟಿಗೆ ಒಯ್ದರು. ಇಡಲು ಮನಸ್ಸು ಬರಲಿಲ್ಲ. ತಮ್ಮ ಅವ್ವ ಹಾಡಿದ್ದು ಬರೀ ಆಚಾರವೇ? ಮತ್ತೆ ಕಾವ್ಯಕ್ಕೆ ತಂದರು. ಹಾಗಾದರೆ ಇವಳ ಅವ್ವ ಹಾಡಿದ್ದು? ಮತ್ತೆ ಒಯ್ದರು, ಮತ್ತೆ ತಂದರು. ಕಣ್ಣು ಮುಚ್ಚಿ ಓಡಾಡಿದ ಕೋಣೆಯಲ್ಲಿ, ನೋಡಿ, ಕಣ್ಣು ಬಿಟ್ಟುಕೊಂಡು ದಾರಿ ತಪ್ಪಿದರು.

ಅದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿತ್ತು. ಲಂಬಾಣಿ ಹಾಡಿನ ಪುಸ್ತಕವನ್ನು ಅವರು ಪ್ರತಿವರ್ಷ ಪರೀಕ್ಷೆಗೆ ಕೊಟ್ಟಿದ್ದರು. ತಾಂಡಾದ ಮಕ್ಕಳು ಮೊದಲೂ ಬಂದಿದ್ದರು, ಅದನ್ನು ಆಚಾರದಲ್ಲೇ ಇಟ್ಟು ಪಾಸಾಗಿ ಹೋಗಿದ್ದರು. ಆ ಮಕ್ಕಳಿಗೂ ಅದು ಆಚಾರವೆಂದೇ ಅನ್ನಿಸಿತ್ತೇ? ಅಥವಾ ಪಾಸಾಗಬೇಕೆಂದು ಅವ್ವನ ಹಾಡನ್ನು ತಮ್ಮ ಕೈಯಿಂದಲೇ ಅಲ್ಲಿಟ್ಟು ಬಂದರೇ? ಕೇಳೋಣವೆಂದರೆ ಅವರಲ್ಲಿ ಒಬ್ಬರ ಹೆಸರೂ ನೆನಪಾಗಲಿಲ್ಲ.

ಮೇಷ್ಟ್ರು ಪಾಸು ಎಂದು ಬರೆದರು. ಉತ್ತರದ ಹಾಳೆಯನ್ನು ಏನು ಮಾಡಬೇಕೋ ತೋಚದೆ ಅವಳ ಕೈಗೇ ಕೊಟ್ಟರು.

“ಇನ್ನೂ ಎಲ್ಲೆಲ್ಲಿ ತಪ್ಪೀನಿ, ನೋಡವ್ವ.”

ಈಗ ನೀವು ಮೇಷ್ಟ್ರ ಬಗ್ಗೆ ಅಯ್ಯೋ ಪಾಪ ಎನ್ನುತ್ತಿದ್ದೀರಿ. ಮೇಷ್ಟ್ರನ್ನು ಬಿಡಿ. ನಿಮ್ಮ ಅಡುಗೆಮನೆಯಲ್ಲಿ ಕೆಲಸದಾಕೆಯ ಲೋಟ ಎಲ್ಲಿದೆ? ಕಿಟಕಿಯ ಮೇಲೋ? ಬಚ್ಚಲ ಕಟ್ಟೆಯ ಮೇಲೋ? ಅಲ್ಲಿಟ್ಟವರು ಯಾರು? ನೆನಪಿಲ್ಲ, ಅಲ್ಲವೇ? ಮೊದಲಿನಿಂದ ಅಲ್ಲೇ ಇದೆ, ಅಲ್ಲವೇ? ನಾಳೆ ಬೆಳಿಗ್ಗೆ ಆ ಲೋಟ ತೊಳೆದು ನಿಮ್ಮ ಲೋಟಗಳ ಸಾಲಿನಲ್ಲಿಡಿ. ಆಮೇಲೆ ಯಾವುದು ಯಾರದೆಂದು ಗೊತ್ತಾಗದೆ ಗೊಂದಲವಾಗುತ್ತದೆ. ಆಗಲಿ. ಆ ಗೊಂದಲದಲ್ಲೇ ಕಾಫಿ ಕುಡಿಯಿರಿ.